ಕಾಯಕವನ್ನು ಬಿಡುವ ಬಗೆ



ಕಾಯಕವನ್ನು ಕುರಿತು ನಮ್ಮ ಶಿವಾನುಭವ ಗೋಷ್ಠಿಗಳಲ್ಲಿ ಅನೇಕ ಬಾರಿ ಚಿಂತನೆ ನಡೆದಿದೆ. ಕಾಯಕವನ್ನು ಹಿಡಿಯುವ ಬಗೆ, ನಿಷ್ಠೆಯಿಂದ ಮಾಡುವ ಬಗೆ, ಅದರ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಬಗೆ ಇವೆಲ್ಲವನ್ನೂ ನಾವು ಹಿರಿಯರ ಬಾಯಿಂದ ಕೇಳಿದ್ದೇವೆ. ಕಾಯಕವನ್ನು ಬಿಡುವ ಬಗೆಯನ್ನು ಕುರಿತು ಮಾತ್ರ ಕೇಳಿದ್ದು ಕಡಿಮೆ. ಮಾಸ್ತರಿಕೆಯಲ್ಲಿ ಸುಮಾರು 32 ವರ್ಷ ಕಳೆದು, ಸ್ವಯಂ ನಿವೃತ್ತಿಯ ಅರ್ಜಿಯೊಂದನ್ನು ಬರೆದು, ಅದನ್ನು ಕೊಡಲೂ ಆಗದೆ ಹರಿಯಲೂ ಆಗದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡು ಕುಳಿತಿದ್ದ ಒಬ್ಬ ಮುಖ್ಯಗುರುವಿನ ಆಲೋಚನೆಗಳು ಇವು. ಪಂಡಿತರ ವ್ಯಾಖ್ಯಾನವೆಂದು ಯಾರೂ ಭಾವಿಸಬಾರದು.

ನನ್ನ ಸೇವೆ ಮೂರು ತಾಲ್ಲೂಕುಗಳಲ್ಲಿ ಸವೆದಿದೆ. 1994ರಲ್ಲಿ ಜೇವರ್ಗಿ ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ ಆರಂಭವಾಯಿತು. 2006ರಲ್ಲಿ ಅಫಜಲಪುರ ತಾಲ್ಲೂಕಿನ ಭೀಮಾತೀರದ ಒಂದು ಹಳ್ಳಿಗೆ ಹೋದೆ. ಅಲ್ಲಿ ಹದಿನೈದು ವರ್ಷ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಬಂದಾಗ ವರ್ಗಕೋಣೆಯಲ್ಲಿ ಮಕ್ಕಳ ಬದಲು ಅವರ ಅಜ್ಜ-ಅಜ್ಜಿಯರು ಚಾಪೆ ಹಾಸಿಕೊಂಡು ಮಲಗಿದ್ದುದನ್ನು ಕಂಡೆ. ಮರುವರ್ಷ ಮುಖ್ಯಗುರುವಾಗಿ ಬಡ್ತಿ ದೊರೆತು ಆಳಂದ ತಾಲ್ಲೂಕಿಗೆ ಬಂದೆ. ಇಲ್ಲಿಂದಲೇ ನಿವೃತ್ತಿ.

ನಿವೃತ್ತಿಯ ದಿನಾಂಕ ನಿಶ್ಚಿತವಾಗಿದೆ. 2027ರ ಮೇ 31. ಇದನ್ನು ನಿಶ್ಚಯಿಸಿದವರು ಯಾರೆಂದು ವಿಚಾರಿಸಿದರೆ ನಗು ಬರುತ್ತದೆ. ನನ್ನ ದಾಖಲೆಯಲ್ಲಿ ಜನ್ಮದಿನಾಂಕ 1967ರ ಜೂನ್ 1. ಅವ್ವನನ್ನು ಕೇಳಿದರೆ, "ಕಲಬುರ್ಗಿ ಅಪ್ಪನ ತೇರಾಗಿ ಮೂರು ದಿನಕ್ಕ ಹುಟ್ಟಿದಿ" ಎನ್ನುತ್ತಿದ್ದಳು. ಶರಣಬಸವೇಶ್ವರರ ತೇರು ಎಳೆಯುವುದು ಹೋಳಿ ಹುಣ್ಣಿಮೆ ಕಳೆದ ಮೇಲೆ. ಅಂದರೆ ನಾನು ಜೂನ್ ತಿಂಗಳಲ್ಲಿ ಹುಟ್ಟಿದವನಲ್ಲ. ಬರಗಾಲದ ಮರುವರ್ಷ ಅಪ್ಪ ನನ್ನನ್ನು ಶಾಲೆಗೆ ಕರೆತಂದಾಗ, ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದಲಿ ಎಂದು ಗುರುಗಳು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದರು. ನಮ್ಮ ಭಾಗದಲ್ಲಿ ನನ್ನ ವಯಸ್ಸಿನ ಯಾರನ್ನಾದರೂ ಕೇಳಿರಿ, ಹತ್ತರಲ್ಲಿ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು! ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ನಿಯಮ. ಆದ್ದರಿಂದಲೇ ಪ್ರತಿವರ್ಷ ಮೇ 31ರಂದು ಕರ್ನಾಟಕದ ಕಚೇರಿಗಳೂ ಶಾಲೆಗಳೂ ಒಮ್ಮೆಲೇ ಖಾಲಿಯಾಗುತ್ತವೆ. ಜೇವರ್ಗಿಯ ಆ ಶಾಲೆಯಲ್ಲಿ ನಾನೂ ಅದೇ ದಿನಾಂಕವನ್ನು ಎಷ್ಟು ಮಕ್ಕಳಿಗೆ ಬರೆದೆನೋ ಲೆಕ್ಕವಿಲ್ಲ. ಅವರಲ್ಲಿ ಸರ್ಕಾರಿ ನೌಕರಿ ಹಿಡಿದವರೆಲ್ಲ ಒಂದು ದಿನ ನನ್ನ ಕೈಬರಹದ ಪ್ರಕಾರ ಮನೆಗೆ ಹೋಗುವರು.

ಹಾಗಾದರೆ ವಯಸ್ಸಿನ ಈ ಗೆರೆ ಎಷ್ಟು ಸತ್ಯ? 2008ಕ್ಕೆ ಮುಂಚೆ ರಾಜ್ಯದ ನೌಕರರು 58ಕ್ಕೆ ಮುದುಕರಾಗುತ್ತಿದ್ದರು; ಆ ವರ್ಷದಿಂದ 60ಕ್ಕೆ ಆಗತೊಡಗಿದರು. ಕಲಬುರಗಿಯಿಂದ ಆಳಂದಕ್ಕೆ ಬರುವ ದಾರಿಯಲ್ಲಿಯೇ ಕಡಗಂಚಿ ಇದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಲ್ಲಿದೆ. ಅಲ್ಲಿಯ ಪ್ರಾಧ್ಯಾಪಕರು 65ರವರೆಗೆ ಪಾಠ ಹೇಳಬಹುದು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಒಂದನೆಯ ತರಗತಿಗೆ ಅಕ್ಷರ ತಿದ್ದಿಸುವವರು 60ಕ್ಕೆ ಎದ್ದು ಹೋಗಬೇಕು. ಒಂದೇ ತಾಲ್ಲೂಕು, ಒಂದೇ ಬಸ್ಸು, ಎರಡು ವೃದ್ಧಾಪ್ಯ. ರಸ್ತೆಯ ಎರಡೂ ಬದಿ ತೊಗರಿ ಹೊಲದಲ್ಲಿ ಬಾಗಿರುವ ರೈತನಿಗೆ ಮೂರನೆಯ ಲೆಕ್ಕ. ಆತನ ನಿವೃತ್ತಿಯನ್ನು ಬರೆಯಲು ಯಾವ ಪುಸ್ತಕವೂ ಇಲ್ಲ.

ಇನ್ನು ಅರ್ಜಿಯ ವಿಷಯ. ಅದನ್ನು ಬರೆದದ್ದು 2025ರ ದೀಪಾವಳಿಯ ಹೊತ್ತಿಗೆ. ಸೆಪ್ಟೆಂಬರ್ 22ರಿಂದ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ನಮ್ಮ ಶಿಕ್ಷಕರು ಮೊಬೈಲ್ ಹಿಡಿದು ಮನೆ ಮನೆ ಅಲೆದರು; ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಶಾಲೆ ಮರಳಿ ತೆರೆದಾಗ ಮೂರನೆಯ ತರಗತಿಯ ಮಕ್ಕಳು ಒತ್ತಕ್ಷರಗಳನ್ನು ಪೂರ್ತಿ ಮರೆತಿದ್ದರು. ಅಂದು ಸಂಜೆ ಒಬ್ಬ ಹುಡುಗ ನನ್ನನ್ನು ಏನೋ ಪ್ರಶ್ನೆ ಕೇಳಿದ. ಒಳ್ಳೆಯ ಪ್ರಶ್ನೆಯೇ. ನಾನು ಗದರಿಸಿ ಕಳಿಸಿದೆ. ಮನೆಗೆ ಬಂದ ಮೇಲೆ ಆತನ ಮುಖ ಕಣ್ಣಿಗೆ ಕಟ್ಟಿತು. ಪ್ರಶ್ನೆ ಏನಿತ್ತೆಂಬುದು ಎಷ್ಟು ನೆನೆದರೂ ನೆನಪಾಗಲಿಲ್ಲ. ಮಗುವಿನ ಪ್ರಶ್ನೆ ಕಿವಿಗೆ ಬಿದ್ದು ಮನಸ್ಸಿಗೆ ಇಳಿಯದೆ ಹೋದರೆ ಗುರುವಿನ ಕಾಯಕ ಮುಗಿದಂತೆಯೇ ಅಲ್ಲವೆ ಎಂದುಕೊಂಡು ಅರ್ಜಿ ಬರೆದೆ. ಮೂರು ತಿಂಗಳ ಮುನ್ಸೂಚನೆ ಕೊಟ್ಟರೆ ಬಿಡುಗಡೆ. ಪೂರ್ಣ ಪಿಂಚಣಿಗೆ ಬೇಕಾದ ಸೇವೆ ಮುಗಿದಿದೆ. 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶ್ರೇಣಿ ಜಾರಿಗೆ ಬಂದ ಮೇಲೆ ನನ್ನ ಓರಗೆಯ ಅನೇಕರು ಕಾಗದ ಪೆನ್ನು ಹಿಡಿದು ಇದೇ ಲೆಕ್ಕ ಹಾಕಿದವರು. ಪುಣೆಯಲ್ಲಿರುವ ಮಗ, "ಅಪ್ಪಾಜಿ, ಇನ್ನ ಸಾಕು ಬಿಡ್ರಿ" ಎಂದ. ಮನೆಯವಳು ಮಾತ್ರ, "ಮನ್ಯಾಗ ಕುಂತು ನನಗ ಪಾಠ ಹೇಳ್ತೀರೇನ್ರೀ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿ ಒಂದು ಮಾತು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಅರ್ಹತಾ ಪರೀಕ್ಷೆ ಕಡ್ಡಾಯವೆಂದು 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಉಳಿದ ನನ್ನಂಥವರನ್ನು ಅದು ಬಡ್ತಿಯ ವಿಷಯ ಬಿಟ್ಟರೆ ಮುಟ್ಟುವುದಿಲ್ಲ. ಆದರೆ 50-52ರ ವಯಸ್ಸಿನ ಗೆಳೆಯರು, ಇಪ್ಪತ್ತೈದು ವರ್ಷ ಕಲಿಸಿದ ಮೇಲೆ ಪರೀಕ್ಷೆ ಬರೆಯುವುದಕ್ಕಿಂತ ಮನೆಗೆ ಹೋಗುವುದೇ ಮೇಲೆಂದು ಆಡಿಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ: ಪರೀಕ್ಷೆಯ ಅಂಜಿಕೆಯಿಂದ ಶಾಲೆ ಬಿಡುವ ಗುರು, ಮರುದಿನ ತನ್ನ ವಿದ್ಯಾರ್ಥಿಗೆ ಪರೀಕ್ಷೆಗೆ ಅಂಜಬೇಡವೆಂದು ಯಾವ ಬಾಯಿಂದ ಹೇಳಿಯಾನು? ಬರೆಯಿರಿ, ಬೇಕಾದರೆ ಅನುತ್ತೀರ್ಣರಾಗಿರಿ, ಮತ್ತೆ ಬರೆಯಿರಿ. ಇದು ಕೆಲವರಿಗೆ ಕಹಿಯಾಗಬಹುದು, ಕ್ಷಮೆ ಇರಲಿ.

ಅರ್ಜಿಯನ್ನು ಬಿಇಒ ಕಚೇರಿಗೆ ಒಯ್ಯಬೇಕೆಂದು ಎರಡು ಸಲ ಚೀಲದಲ್ಲಿ ಹಾಕಿಕೊಂಡೆ. ಎರಡು ಸಲವೂ ತಡೆದದ್ದು ಬೇರೊಂದು ಲೆಕ್ಕ. ನಮ್ಮ ಶಾಲೆಗೆ ಮಂಜೂರಾದ ಹುದ್ದೆಗಳು ಏಳು. ಇರುವವರು ನಾನು ಸೇರಿ ನಾಲ್ವರು, ಇಬ್ಬರು ಅತಿಥಿ ಶಿಕ್ಷಕರು. ನಾನು ಎದ್ದರೆ ಆ ಕುರ್ಚಿಗೆ ಇನ್ನೊಬ್ಬರು ಬರುವರೆಂಬ ಭರವಸೆ ಇಲ್ಲ. ಜನವರಿಯಲ್ಲಿ ತೊಗರಿ ರಾಶಿಗೆಂದು ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಕೆಲವರ ತಂದೆತಾಯಿಗಳು ಮುಂಬೈ-ಪುಣೆಗೆ ಗುಳೆ ಹೋಗುತ್ತಾರೆ. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರಲು ಊರನ್ನು ಬಲ್ಲ ಒಬ್ಬರಾದರೂ ಬೇಕು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಪಡೆದು ಮೊದಲಿಗನಾದಾಗ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42.43ರೊಂದಿಗೆ ಕೊನೆಯಲ್ಲಿ ನಿಂತಿತು. ಎಲ್ಲರೂ ಪ್ರೌಢಶಾಲೆಯವರನ್ನು ದೂರಿದರು. ಹತ್ತನೆಯ ತರಗತಿಯಲ್ಲಿ ಬೀಳುವ ಮಗು ಮೂರನೆಯ ತರಗತಿಯಲ್ಲಿಯೇ ಎಡವಿರುತ್ತದೆಂಬುದು ನಮ್ಮಂಥ ಪ್ರಾಥಮಿಕ ಶಾಲೆಯವರಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೆವು.

ಹೀಗೆ ಯೋಚಿಸಿದಾಗ, ಬಿಡುವುದೂ ತಪ್ಪು, ಉಳಿಯುವುದೂ ತಪ್ಪು ಎಂಬಂತೆ ಆಯಿತು. ನಾನಿಲ್ಲದಿದ್ದರೆ ಶಾಲೆ ಬೀಳುತ್ತದೆ ಎಂಬ ಮಾತಿನಲ್ಲಿ ಕಾಳಜಿ ಎಷ್ಟು, ಅಹಂಕಾರ ಎಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ನನ್ನಲ್ಲಿರಲಿಲ್ಲ.

ಹಿರಿಯರ ಕಡೆ ನೋಡಿದೆ. ಅಲ್ಲಿಯೂ ಎರಡು ದಾರಿ ಕಂಡವು. ಕಲಬುರಗಿಯ ಡಾ. ಶರಣಬಸಪ್ಪ ಅಪ್ಪ ಅವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಹೊಣೆಯನ್ನು ಹೊತ್ತು, ನಮ್ಮ ಭಾಗದ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವಂತೆ ಮಾಡಿ, 2025ರ ಆಗಸ್ಟ್ 14ರಂದು ತೊಂಬತ್ತರ ಹೊಸ್ತಿಲಲ್ಲಿ ಲಿಂಗೈಕ್ಯರಾದರು. ಅವರಿಗೆ ನಿವೃತ್ತಿ ಎಂಬುದಿರಲಿಲ್ಲ. ಇನ್ನೊಂದು ದಾರಿ ಸಿರಿಗೆರೆಯದು. ಹಳ್ಳಿ ಹಳ್ಳಿಗೆ ಶಾಲೆ ಕಟ್ಟಿಸಿದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914-1992) ಸ್ವಾಮಿಗಳಿಗೂ ಅರವತ್ತಕ್ಕೆ ನಿವೃತ್ತಿ ಬೇಕೆಂದು ನಂಬಿ, ಆ ಸಂಕಲ್ಪವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, 1979ರಲ್ಲಿ ಉತ್ತರಾಧಿಕಾರಿಗೆ ಪಟ್ಟ ಕಟ್ಟಿದರು. ಅದಕ್ಕೂ ಹಿಂದೆ ಹೋದರೆ ಶೂನ್ಯಪೀಠವನ್ನು ಕಿರಿಯರಾದ ಚೆನ್ನಬಸವಣ್ಣನವರಿಗೆ ಒಪ್ಪಿಸಿ ಎದ್ದು ನಡೆದ ಅಲ್ಲಮಪ್ರಭುಗಳ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆದರೆ ಇವರೆಲ್ಲ ಕಟ್ಟಿದವರು, ಪೀಠವೇರಿದವರು. ತಿಂಗಳ ಸಂಬಳ ಎಣಿಸಿದ ನಾನು ಅವರ ದಾರಿಯನ್ನು ನನ್ನದೆಂದುಕೊಂಡರೆ ನಗೆಪಾಟಲಾದೇನು. ನನಗೆ ದಾರಿ ತೋರಿಸಿದವಳು ನಮ್ಮ ಶಾಲೆಯ ಅಡುಗೆಯ ಅಕ್ಕ.

ಬಿಸಿಯೂಟದ ಯೋಜನೆ ನಮ್ಮ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಾಯಿತು. ಅದಕ್ಕೆ ಸರ್ಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಹೆಸರಿಟ್ಟ ಪುಣ್ಯಾತ್ಮರು ಯಾರೋ, ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರ ನಾಡಿನಲ್ಲಿ ಅದು ತಾನಾಗಿಯೇ ಬಾಯಿಗೆ ಹತ್ತಿತು. ಆ ಅಕ್ಕ ಮೊದಲ ವರ್ಷದಿಂದ ಅಡುಗೆ ಮಾಡಿದವಳು. ಗ್ಯಾಸ್ ಒಲೆ ಬರುವ ಮುಂಚೆ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನೂರಾರು ಮಕ್ಕಳಿಗೆ ಅನ್ನ-ಸಾರು ಬೇಯಿಸಿದವಳು. 2022ರಲ್ಲಿ, 60 ತುಂಬಿದ ಅಡುಗೆಯವರನ್ನು ಬಿಡುಗಡೆ ಮಾಡಬೇಕೆಂಬ ಆದೇಶ ಬಂತು. ಪಿಂಚಣಿ ಇಲ್ಲ. ಆಕೆಯ ವಯಸ್ಸಿಗೂ ಹುಟ್ಟಿದ ದಿನದ ಆಧಾರವಿರಲಿಲ್ಲ, ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನಿಂದ ತುಂಬಿದ ವರ್ಷವಿತ್ತು. ನಾನು ಒಂದು ರುಜು ಹಾಕಿಸಿಕೊಂಡು ಕಳಿಸಿಕೊಟ್ಟೆ.

ಆ ದಿನ ಆಕೆಗೆ ಒಂದು ಶಾಲು ಹೊದಿಸಲಿಲ್ಲ, ಒಂದು ಹೂವಿನ ಹಾರ ಹಾಕಲಿಲ್ಲ. ಅದೇ ತಿಂಗಳಲ್ಲಿ ನೆರೆಯ ಊರಿನ ಶಿಕ್ಷಕರೊಬ್ಬರ ಬೀಳ್ಕೊಡುಗೆಗೆ ಹೋಗಿ, ಟ್ರಾಕ್ಟರ್ ಮೇಲೆ ಮೆರವಣಿಗೆ ಮಾಡಿಸಿ, ಕಾಯಕದ ಮಹತ್ವ ಕುರಿತು ಅರ್ಧ ತಾಸು ಭಾಷಣ ಬಿಗಿದು ಬಂದವನು ನಾನು. ದಾಸೋಹ ಎಂಬ ಹೆಸರಿನ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವಳನ್ನು ಕಳಿಸುವಾಗ ನನಗೆ ಆ ಮಹತ್ವ ನೆನಪಾಗಲಿಲ್ಲ. ಇದನ್ನು ಇಲ್ಲಿ ಬರೆದರೆ ತಪ್ಪು ತೊಳೆದುಹೋಗುತ್ತದೆಂದು ನಂಬಿಲ್ಲ.

ಬಿಟ್ಟ ಮೇಲೂ ಕೆಲ ದಿನ ಆಕೆ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದಳು. ಅಡುಗೆಕೋಣೆಯ ಕಟ್ಟೆಯ ಮೇಲೆ ಕುಳಿತು ಬೇಳೆ ಹಸನು ಮಾಡಿಕೊಡುತ್ತಿದ್ದಳು. ಹೊಸದಾಗಿ ಬಂದ ಹುಡುಗಿ ಪ್ರತಿದಿನ ಸಾರು ತಂದು ತೋರಿಸಿ, "ಉಪ್ಪು ನೋಡ್ರಿ ಅವ್ವಾ" ಎನ್ನುತ್ತಿದ್ದಳು. ಆಮೇಲೆ ಅಕ್ಕ ಬರುವುದು ಒಮ್ಮೆಲೇ ನಿಂತಿತು. ಆರಾಮ ತಪ್ಪಿದೆಯೋ, ನನ್ನ ಮೇಲೆ ಮುನಿಸಾಗಿದೆಯೋ ಎಂದು ಒಂದು ದಿನ ಮನೆಯ ಮುಂದೆ ನಿಂತು ವಿಚಾರಿಸಿದೆ. ಆಕೆ ಬಾಗಿಲಲ್ಲಿ ಕುಳಿತು ಜೋಳ ಕೇರುತ್ತಿದ್ದಳು. "ನಾ ಅಲ್ಲಿ ಕುಂತಿದ್ರ ಆಕಿ ಕೈಗೆ ಉಪ್ಪಿನ ಅಂದಾಜು ಬರಂಗಿಲ್ರಿ ಸರ" ಎಂದಳು. ಅಷ್ಟೇ. ಮತ್ತೆ ಕೇರತೊಡಗಿದಳು.

ಎರಡು ವಾರ ಸಾರಿನಲ್ಲಿ ಉಪ್ಪು ಹೆಚ್ಚು-ಕಡಿಮೆಯಾಯಿತು. ಮಕ್ಕಳು ಮುಖ ಸಿಂಡರಿಸಿದರು. ಆಮೇಲೆ ಸರಿಹೋಯಿತು.

ಈ ಮಾತನ್ನು ನಾನು ಆಗ ಕೇಳಿದೆನೇ ಹೊರತು ಗ್ರಹಿಸಲಿಲ್ಲ. ಅರ್ಜಿ ಖಾನೆಯಲ್ಲಿದ್ದ ದಿನಗಳಲ್ಲಿ ಅದು ಮರಳಿ ಬಂತು. ನನ್ನ ತಳಮಳವೆಲ್ಲ 'ಯಾವಾಗ ಹೋಗಲಿ' ಎಂಬುದರಲ್ಲಿ ಸುತ್ತುತ್ತಿತ್ತು. ದಿನಾಂಕವೋ, ಎಂದೋ ಒಬ್ಬ ಗುರುಗಳು ಅಂದಾಜಿನಿಂದ ಬರೆದದ್ದು. ಒಂದು ವರ್ಷ ಮೊದಲು ಹೋದರೆ ತ್ಯಾಗಿಯಾಗುವುದಿಲ್ಲ, ಕೊನೆಯ ದಿನದವರೆಗೆ ಕುಳಿತರೆ ಕಾಯಕನಿಷ್ಠನೂ ಆಗುವುದಿಲ್ಲ. ನಾನಿರುವಾಗಲೇ ಇನ್ನೊಬ್ಬರ ಕೈಗೆ ಅಂದಾಜು ಬಂದಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಬಂದಿಲ್ಲ. ನಾಲ್ಕು ವರ್ಷಗಳಲ್ಲಿ ದಾಖಲಾತಿ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆ, ಗುಳೆ ಹೋದವರ ಮನೆಗಳ ಪಟ್ಟಿ ಎಲ್ಲವನ್ನೂ ನಾನೇ ಹಿಡಿದುಕೊಂಡು, ಸಹಶಿಕ್ಷಕಿ ಏನಾದರೂ ಮಾಡಲು ಬಂದರೆ, "ಇರಲಿ ಬಿಡ್ರಿ ಟೀಚರ, ನಾ ಮಾಡ್ತೀನಿ" ಎಂದು ಕಸಿದುಕೊಂಡಿದ್ದೆ. ಅದನ್ನು ಇಷ್ಟು ದಿನ ಸೇವೆ ಎಂದು ತಿಳಿದಿದ್ದೆ.

ಆದಕಾರಣ ಸಂಕ್ರಾಂತಿಯ ಮರುದಿನ ಅರ್ಜಿಯನ್ನು ಹರಿದುಹಾಕಿದೆ. 2027ರ ಮೇ 31ರವರೆಗೆ ಇರುತ್ತೇನೆ. ಜೂನ್ 1ರ ಸುಳ್ಳು ಜನ್ಮದಿನದಿಂದ ಒಂದು ಉಪಕಾರವಾಗಿದೆ: ಮಕ್ಕಳ ವರ್ಷ ನಡುವೆ ಹರಿಯುವುದಿಲ್ಲ.  ಮೆರವಣಿಗೆ ಬೇಡವೆಂದು ಎಸ್‌ಡಿಎಂಸಿಯವರಿಗೆ ಈಗಲೇ ಹೇಳಿದ್ದೇನೆ. ಅವರು ಕೇಳುವರೆಂಬ ನಂಬಿಕೆ ನನಗಿಲ್ಲ. ಕೇಳದಿದ್ದರೆ, ಮೊದಲ ಶಾಲು ಆ ಅಕ್ಕನಿಗೆ ಹೊದಿಸಬೇಕೆಂಬುದು ನನ್ನ ಷರತ್ತು. ಐದು ವರ್ಷ ತಡವಾಗಿ.

ನಿವೃತ್ತಿಯ ನಂತರದ ಮಾತೂ ಬಂದಿದೆ. ಕಲಬುರಗಿಯ ಖಾಸಗಿ ಶಾಲೆಯೊಂದು ಈಗಲೇ ವಿಚಾರಿಸಿದೆ. ನಮ್ಮ ಶಾಲೆಯವರು, ಖಾಲಿ ಹುದ್ದೆಗೆ ಯಾರೂ ಬರದಿದ್ದರೆ ಅತಿಥಿ ಶಿಕ್ಷಕನಾಗಿ ನೀವೇ ಬನ್ನಿ ಎನ್ನುತ್ತಾರೆ. ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಮಾರಯ್ಯ ಆಯ್ದು ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿರುವುದನ್ನು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಆಕೆ ಹೇಳಿದ ಕಥೆ ನಮಗೆಲ್ಲ ಬಾಯಿಪಾಠ. ಹೇಳುವಾಗ ಬಡತನದ ಕಥೆಯಂತೆ ಹೇಳುತ್ತೇವೆ. ನನ್ನ ಮಟ್ಟಿಗೆ ಅದು ಪಿಂಚಣಿದಾರರ ಕಥೆ. ಡಿ.ಎಡ್. ಮುಗಿಸಿ ಕೆಲಸವಿಲ್ಲದೆ ತೊಗರಿ ಹೊಲಕ್ಕೆ ಹೋಗುವ ಹುಡುಗ ಹುಡುಗಿಯರು ನಮ್ಮ ಊರಲ್ಲಿಯೇ ಇದ್ದಾರೆ. ಅತಿಥಿ ಶಿಕ್ಷಕರ ಗೌರವಧನ ನನ್ನ ಪಿಂಚಣಿಯ ಮುಂದೆ ತೀರ ಸಣ್ಣದು, ಅವರಿಗೆ ಅದೇ ಮನೆ ನಡೆಸುವ ಹಣ. ಅದನ್ನು ನಾನು ಮಡಿಲಿಗೆ ಹಾಕಿಕೊಂಡರೆ ಮನೆಯಲ್ಲಿ ಲಕ್ಕಮ್ಮನಿಲ್ಲದಿದ್ದರೂ ಕೇಳುವವರು ಬೇಕಲ್ಲ! ಹಣ ಬೇಡ, ಉಚಿತವಾಗಿ ಕಲಿಸುತ್ತೇನೆ ಎಂದರೂ ಇಕ್ಕಟ್ಟು ತಪ್ಪದು. ಉಚಿತವಾಗಿ ಸಿಗುವ ಒಬ್ಬ ಮಾಜಿ ಮುಖ್ಯಗುರು ಶಾಲೆಯಲ್ಲಿ ಕುಳಿತಿದ್ದರೆ, ಇಲ್ಲಿ ಶಿಕ್ಷಕರ ಕೊರತೆ ಇದೆ ಎಂದು ಯಾರು ಬರೆದು ಕಳಿಸುವರು? ಮೊದಲ ಒಂದು ವರ್ಷ ಶಾಲೆಯ ಗೇಟಿನೊಳಗೆ ಕಾಲಿಡಬಾರದೆಂದು ನಿಶ್ಚಯಿಸಿದ್ದೇನೆ. ಸಂಜೆ ಗುಡಿಯ ಕಟ್ಟೆಯಲ್ಲಿ ಯಾವ ಮಗುವಾದರೂ ಒತ್ತಕ್ಷರ ಕೇಳಿಕೊಂಡು ಬಂದರೆ ಅದು ಬೇರೆ.

ಈಗ ದಾಖಲಾತಿ ಪುಸ್ತಕ ಸಹಶಿಕ್ಷಕಿಯ ಮೇಜಿನ ಮೇಲಿದೆ. ಕಳೆದ ವಾರ ಪುಣೆಯಿಂದ ಮರಳಿದ ಒಂದು ಕುಟುಂಬ ಮಗಳನ್ನು ಕರೆತಂದಿತು. ತಂದೆಯ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಜನನ ಪ್ರಮಾಣಪತ್ರವಿತ್ತು, ಯಾರೂ ಊಹಿಸಬೇಕಾಗಿರಲಿಲ್ಲ. ಟೀಚರು ಬರೆಯುವಾಗ ತಿಂಗಳು ಒಂದು ಮನೆ ತಪ್ಪಿತು. ನನ್ನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಪೆನ್ನನ್ನು ಹಿಡಿದುಕೊಂಡೇ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಬಂದಾಗ ಅವರು ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿ, ತಪ್ಪಿದ ಅಕ್ಷರಕ್ಕೆ ಗೆರೆ ಎಳೆದು, ಮೇಲೆ ಸರಿಯಾಗಿ ಬರೆದು, ಪಕ್ಕದಲ್ಲಿ ತಮ್ಮ ರುಜು ಹಾಕುತ್ತಿದ್ದರು.